ಏರಿನಲ್ಲಿ ಕಾಯಬೇಡ: ಮಕ್ಕಳ ಹಿಂದೆ ಬಿದ್ದ ಸೈಕಲ್ ಸವಾರರಿಗೆ

ಮಗಳು ನನ್ನನ್ನು ಮೀರಿಸಿದ ದಿನ ಅದು ನನ್ನ ಗಮನಕ್ಕೇ ಬರಲಿಲ್ಲ. ವಾರಕ್ಕೊಮ್ಮೆ ನಾವಿಬ್ಬರೂ ಹತ್ತುತ್ತಿದ್ದ 6 ಕಿಲೋಮೀಟರ್ ಉದ್ದದ ಏರು ಅದು. ಅವಳಿಗೆ 13 ವರ್ಷ, ನನಗೆ 44. ಉದ್ದಕ್ಕೂ ನನ್ನ ಸೈಕಲಿನ ಹಿಂದಿನ ಗಾಲಿಗೆ ಅಂಟಿಕೊಂಡೇ ಬಂದಳು, ತುದಿಯನ್ನು ಒಟ್ಟಿಗೆ ಮುಟ್ಟಿದೆವು. ನಾನು ಹ್ಯಾಂಡಲ್ ಮೇಲೆ ತಲೆಯಿಟ್ಟು ಉಸಿರಿಗಾಗಿ ಒದ್ದಾಡುತ್ತಿದ್ದರೆ, ಅವಳು ಶಾಲೆಯಲ್ಲಿ ನಡೆದ ಯಾವುದೋ ಜಗಳದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ, ಎಲ್ಲೂ ಉಸಿರು ಎಳೆದುಕೊಳ್ಳದೆ ಹೇಳಿ ಮುಗಿಸಿದಳು. ಕಥೆ ಮುಗಿಯುವ ಹೊತ್ತಿಗೆ ನನಗೆ ವಿಷಯ ಹೊಳೆದಿತ್ತು. ಅವಳು ನನ್ನ ಹಿಂದೆ ಬಂದದ್ದಲ್ಲ, ನನ್ನನ್ನು ಕಾಯ್ದುಕೊಂಡು ಬಂದದ್ದು. ಎಷ್ಟು ವಾರಗಳಿಂದ ಹಾಗೆ ಕಾಯುತ್ತಿದ್ದೆ ಎಂದು ಕೇಳುವ ಧೈರ್ಯ ಇಂದಿಗೂ ಬಂದಿಲ್ಲ.

ಈಗ ಅವಳಿಗೆ 16. ಎಲ್ಲೆಡೆ ಗೆಲುವನ್ನು ಬಯಸು, ಮಕ್ಕಳಿಂದ ಮಾತ್ರ ಸೋಲನ್ನು ಬಯಸು ಎಂದು ಹಿರಿಯರು ಹೇಳಿದ್ದಾರೆ. ಹೇಳಿದವರು ಮಕ್ಕಳ ಹಿಂದೆ ಸೈಕಲಿನಲ್ಲಿ ಗುಡ್ಡ ಹತ್ತಿರಲಿಕ್ಕಿಲ್ಲ. ಸೋಲನ್ನು ಬಯಸುವುದು ಸುಲಭ, ಸೋತ ಮೇಲೆ ಭಾನುವಾರ ಬೆಳಗ್ಗೆ ಏನು ಮಾಡಬೇಕು ಎಂಬುದೇ ಕಷ್ಟ. ಈ ಮೂರು ವರ್ಷಗಳಲ್ಲಿ ನಾನು ತಪ್ಪು ಮಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವು ಹಿಂದೆ ರೇಸ್ ಓಡಿಸಿದವರಾಗಿದ್ದರೆ ಹೆಚ್ಚು ಉಪಯೋಗಕ್ಕೆ ಬಂದೀತು, ಏಕೆಂದರೆ ಹೆಚ್ಚು ತಪ್ಪು ಮಾಡುವವರೂ ನಾವೇ.

ಮೊದಲು ಕಾಯುವುದನ್ನು ನಿಲ್ಲಿಸಿ

ಮಕ್ಕಳು ತಂದೆತಾಯಿಗಾಗಿ ಕಾಯುವುದನ್ನು ಒಂದು ಬಗೆಯ ಮರ್ಯಾದೆ ಎಂದುಕೊಂಡಿರುತ್ತಾರೆ. ನಾವು ಬಾಯಿಬಿಟ್ಟು ಹೇಳುವವರೆಗೆ ಅದನ್ನು ಬಿಡುವುದಿಲ್ಲ. ಆದ್ದರಿಂದ ಹೇಳಿಬಿಡಿ. ಸವಾರಿಯ ನಡುವೆ, ಉಬ್ಬಸದಲ್ಲಿ "ನೀನು ಹೋಗು, ನನ್ನ ಚಿಂತೆ ಬೇಡ" ಎಂದರೆ ಅದು ಮುನಿಸಿನಂತೆ ಕೇಳಿಸುತ್ತದೆ. ಮನೆಯಲ್ಲಿ, ಚೈನಿಗೆ ಎಣ್ಣೆ ಹಾಕುತ್ತಾ ಹೇಳಿ. ನಾನು ಹೇಳಿದ್ದು ಇಷ್ಟೇ: "ನಾಳೆಯಿಂದ ಏರಿನಲ್ಲಿ ಕಾಯಬೇಡ. ತುದಿಗೆ ಹೋಗಿ ಐದು ನಿಮಿಷ ನಿಲ್ಲು. ನಾನು ಬರದಿದ್ದರೆ ತಿರುಗಿ ಇಳಿದು ಬಾ." ಅವಳು ತಲೆಯಾಡಿಸಿದಳು. ಮರುದಿನ ಮೊದಲ ತಿರುವಿನಲ್ಲೇ ಕಣ್ಮರೆಯಾದಳು. ನನಗೆ ಸ್ವಲ್ಪವಾದರೂ ಹಿಂಜರಿಯಬಹುದಿತ್ತು ಅನ್ನಿಸಿತು.

ಕಾಯುವುದನ್ನು ನಿಲ್ಲಿಸಿದ ಕೂಡಲೇ ಇನ್ನೊಂದು ಕೆಲಸ ತಲೆಯ ಮೇಲೆ ಬರುತ್ತದೆ, ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಅಲ್ಲಿಯವರೆಗೆ ಇಬ್ಬರ ಟ್ಯೂಬು, ಪಂಪು, ಟೈರು ಬಿಚ್ಚುವ ಕಡ್ಡಿ, ಫೋನು ಎಲ್ಲವೂ ನನ್ನ ಜೇಬಿನಲ್ಲೇ ಇದ್ದವು. ಎರಡು ವಾರದ ನಂತರ ಅವಳ ಸೈಕಲಿನ ಹಿಂಗಾಲಿ ಪಂಕ್ಚರ್ ಆಯಿತು. ನಾನು ಒಂದು ಅಡ್ಡದಾರಿಯಿಂದ ಇಳಿದು ಮನೆ ಸೇರಿದ್ದೆ. ಅವಳು ಸೈಕಲನ್ನು ತಳ್ಳಿಕೊಂಡು ಬರಲು ಎರಡು ಗಂಟೆ ಹಿಡಿಯಿತು. ಮಗುವನ್ನು ಮುಂದೆ ಬಿಡುವ ಮೊದಲು ಸಾಮಾನನ್ನು ಎರಡು ಪಾಲು ಮಾಡಿ: ಅವಳ ಗಾಲಿಗೆ ಹೊಂದುವ ಟ್ಯೂಬು (ವಾಲ್ವಿನ ಉದ್ದವನ್ನೂ ನೋಡಿ, ಎತ್ತರದ ರಿಮ್ಮಿಗೆ ಗಿಡ್ಡ ವಾಲ್ವು ಸಾಲದು), ಕಡ್ಡಿ, ಪಂಪು, ಷಟ್ಕೋನದ ಕೀಲಿಗಳು (ಅಲೆನ್ ಕೀ), ಫೋನು, ಸ್ವಲ್ಪ ಹಣ, ತುರ್ತಿಗೆ ಕರೆಯಬೇಕಾದವರ ಹೆಸರು ಮತ್ತು ಸಂಖ್ಯೆ ಬರೆದ ಚೀಟಿ. ನಂತರ ಹಿಂಗಾಲಿಯ ಟ್ಯೂಬನ್ನು ಮನೆಯಂಗಳದಲ್ಲಿ ಐದು ಸಲ ಬದಲಾಯಿಸಲು ಹಚ್ಚಿ. ಮುಂಗಾಲಿಯದನ್ನು ಬದಲಾಯಿಸಲು ಎಲ್ಲರಿಗೂ ಬರುತ್ತದೆ, ಮಕ್ಕಳು ಸಿಕ್ಕಿಹಾಕಿಕೊಳ್ಳುವುದು ಹಿಂದಿನ ಚೈನಿನ ಗೋಜಲಿನಲ್ಲಿ. ನನ್ನ ಮಗಳು ಮೊದಲ ಸಲ 22 ನಿಮಿಷ ತೆಗೆದುಕೊಂಡಳು, ಈಗ ಆರರಲ್ಲಿ ಮುಗಿಸುತ್ತಾಳೆ. ನನಗೆ ಎಂಟು ಬೇಕು. ಅದರಲ್ಲೂ ಹಿಂದೆ ಬಿದ್ದೆ.

ಬಯಲು ಬೇರೆ, ಏರು ಬೇರೆ

ಒಟ್ಟಿಗೆ ಸವಾರಿ ಮಾಡುವುದನ್ನು ಬಿಡಬೇಕಿಲ್ಲ, ಆದರೆ ಎಲ್ಲಿ ಎಂಬುದನ್ನು ಆರಿಸಿಕೊಳ್ಳಬೇಕು. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 35 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ನಮ್ಮ ಶ್ರಮದ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಮುಂದಿನವರ ಗಾಲಿಗೆ ಹತ್ತಿರವಾಗಿ ಹೋದರೆ ಅದರಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಉಳಿಯುತ್ತದೆ. ಅಂದರೆ ಬಯಲಿನಲ್ಲಿ ಮಗಳು ನನ್ನನ್ನು ಎಳೆದುಕೊಂಡು ಹೋಗಬಲ್ಲಳು. ಹತ್ತು ವರ್ಷ ಅವಳಿಗೆ ಎದುರುಗಾಳಿ ತಾಗದಂತೆ ಮುಂದೆ ನಿಂತವಳು ನಾನು. ಈಗ ಅವಳ ಬೆನ್ನ ಹಿಂದೆ ಅಡಗುತ್ತೇನೆ. ಇದಕ್ಕೆ ನಾಚಿಕೆಪಡಬೇಡಿ. ಆದರೆ ಹಿಂದೆ ನಿಲ್ಲುವುದನ್ನು ಹೊಸದಾಗಿ ಕಲಿಯಬೇಕಾಗುತ್ತದೆ. ಮುಂದಿನವರ ಟೈರನ್ನೇ ದಿಟ್ಟಿಸಬೇಡಿ, ಭುಜದ ಮೇಲಿನಿಂದ ರಸ್ತೆಯನ್ನು ನೋಡಿ. ನಿಮ್ಮ ಮುಂಗಾಲಿ ಅವರ ಹಿಂಗಾಲಿಯ ಪಕ್ಕಕ್ಕೆ ಸರಿದು ಅಡ್ಡ ಬೀಳದಿರಲಿ, ಏಕೆಂದರೆ ತಾಗಿದರೆ ಕೆಡವುವುದು ಹಿಂದಿನವರನ್ನೇ. ಗುಂಡಿ ಕಂಡಾಗ ಕೈ ತೋರಿಸುವ ಕೆಲಸ ಈಗ ಅವರದು, ಅದನ್ನು ಅವರಿಗೆ ರೂಢಿ ಮಾಡಿಸಿ.

ಏರಿನಲ್ಲಿ ಈ ಆಟ ನಡೆಯುವುದಿಲ್ಲ. ಗಂಟೆಗೆ 14 ಕಿಲೋಮೀಟರ್ ವೇಗದಲ್ಲಿ ತಡೆಯುವ ಗಾಳಿಯೇ ಕಡಿಮೆ, ಹೋರಾಟವೆಲ್ಲ ತೂಕದೊಂದಿಗೆ. ನಾನು 64 ಕಿಲೋ, ಅರ್ಧ ಗಂಟೆ ಹಿಡಿದಿಡಬಲ್ಲ ಶಕ್ತಿ ಸುಮಾರು 200 ವ್ಯಾಟ್. ಮಗಳು 50 ಕಿಲೋ, 215 ವ್ಯಾಟ್. ಬಯಲಿನಲ್ಲಿ ಈ 15 ವ್ಯಾಟ್ ಅಂತರವನ್ನು ಅವಳ ಬೆನ್ನು ಮುಚ್ಚಿಕೊಡುತ್ತದೆ. ಏರಿನಲ್ಲಿ ಲೆಕ್ಕ ಕಿಲೋಗೆ ಎಷ್ಟು ವ್ಯಾಟ್ ಎಂಬುದಾಗುತ್ತದೆ: ನನ್ನದು 3.1, ಅವಳದು 4.3. ನಾನು ಆ ಏರನ್ನು 25 ನಿಮಿಷದಲ್ಲಿ ಹತ್ತಿದರೆ ಅವಳು 19ರಲ್ಲಿ. ಆರು ನಿಮಿಷವನ್ನು ಯಾವ ಪ್ರೀತಿಯೂ ಮುಚ್ಚಲಾರದು.

ನಮ್ಮ ಮನೆಯಲ್ಲಿ ಸರಿಹೊಂದಿದ ಏರ್ಪಾಡು ಹೀಗಿದೆ. ಅವಳ ಕಠಿಣ ಅಭ್ಯಾಸದ ದಿನಗಳಲ್ಲಿ ನಾನು ಹೋಗುವುದಿಲ್ಲ. ಅವಳ ವಿಶ್ರಾಂತಿಯ ಸವಾರಿಯ ದಿನ ಹೋಗುತ್ತೇನೆ. ಅವಳಿಗೆ ಅದು ಹರಟೆಯ ವೇಗ, ನನಗೆ ಬೆವರಿನ ವೇಗ, ಇಬ್ಬರ ಕೆಲಸವೂ ಆಗುತ್ತದೆ. ಒಂದೇ ಕಟ್ಟುನಿಟ್ಟು: ನಾನು ಬಿರುಸು ಹೆಚ್ಚಿಸಬಾರದು. ಒಮ್ಮೆ ರಸ್ತೆಬದಿಯ ಫಲಕವೊಂದು ಕಂಡಾಗ, ಅದನ್ನು ಯಾರು ಮೊದಲು ದಾಟುತ್ತಾರೆ ಎಂಬ ಹಳೆಯ ಚಟ ಕೆರಳಿ ಎದ್ದು ನಿಂತು ಓಡಿಸಿದೆ. ಅವಳೂ ಬಿಡಲಿಲ್ಲ. ಮರುದಿನದ ಅಭ್ಯಾಸವನ್ನು ಅವಳು ಅರ್ಧಕ್ಕೇ ನಿಲ್ಲಿಸಿದಾಗ ಕೋಚ್ ನನಗೆ ಏನೂ ಹೇಳಲಿಲ್ಲ, ಸುಮ್ಮನೆ ನೋಡಿದರು.

ಅವಳ ಅಂಕಿಗಳು ಅವಳವು

ಸವಾರ ಪೆಡಲಿಗೆ ಹಾಕುವ ಶಕ್ತಿಯನ್ನು ವ್ಯಾಟಿನಲ್ಲಿ ಅಳೆಯುವ ಪವರ್ ಮೀಟರ್ ಬಂದಾಗಿನಿಂದ ತಂದೆತಾಯಿಗೆ ಹೊಸ ರೋಗವೊಂದು ಅಂಟಿದೆ. ಮಗು ಸ್ನಾನಕ್ಕೆ ಹೋಗುವ ಮೊದಲೇ ನಮ್ಮ ಮೊಬೈಲಿನಲ್ಲಿ ಅದರ ಸವಾರಿಯ ರೇಖೆಗಳು ಬಂದು ಕೂತಿರುತ್ತವೆ. "ಹದಿನೆಂಟನೆಯ ನಿಮಿಷದಲ್ಲಿ ಯಾಕೆ ಕುಸಿಯಿತು?" ಎಂದು ನಾನು ಬಾಗಿಲಲ್ಲೇ ಕೇಳಿದ್ದೇನೆ. ಅಲ್ಲಿ ದನಗಳು ರಸ್ತೆ ದಾಟುತ್ತಿದ್ದವಂತೆ. ಆ ದಿನವೇ ನನ್ನ ಮೊಬೈಲಿನಿಂದ ಅವಳ ಖಾತೆಯನ್ನು ತೆಗೆದೆ. ಅಭ್ಯಾಸದ ಯೋಜನೆ ಕೋಚ್ ಮತ್ತು ಅವಳ ನಡುವಿನದು. ನೀವೇ ಕೋಚ್ ಆಗಿದ್ದರೆ, ಅವಳು ನಿಮ್ಮನ್ನು ಮೀರಿಸಿದ ವರ್ಷವೇ ಆ ಕೆಲಸವನ್ನು ಬೇರೊಬ್ಬರಿಗೆ ಒಪ್ಪಿಸಿ ಎಂಬುದು ನನ್ನ ಸಲಹೆ. ಆ ವರ್ಷ ನೀವು ಕೊಡುವ ಪ್ರತಿಯೊಂದು ಸೂಚನೆಯಲ್ಲೂ ಒಂದು ಚೂರು ಹೊಟ್ಟೆಕಿಚ್ಚು ಬೆರೆತಿರುತ್ತದೆ. ನನ್ನದರಲ್ಲಿ ಇತ್ತು. "ಇಷ್ಟು ಬೇಗ ಇಷ್ಟು ದೊಡ್ಡ ಗೇರ್ ಬೇಡ" ಎಂದು ನಾನು ಹೇಳಿದ್ದರಲ್ಲಿ ಅವಳ ಮೊಣಕಾಲಿನ ಕಾಳಜಿ ಎಷ್ಟಿತ್ತು, ನನ್ನ ಸಂಕಟ ಎಷ್ಟಿತ್ತು ಎಂದು ಈಗ ಬೇರ್ಪಡಿಸಿ ಹೇಳಲಾರೆ.

ಇದರ ಇನ್ನೊಂದು ಮುಖ, ನಮ್ಮ ಬಾಕಿ ಲೆಕ್ಕವನ್ನು ಮಕ್ಕಳ ಹೆಸರಿಗೆ ಬರೆಯುವುದು. ಸೈಕಲ್ ಲೋಕದ ಕಥೆಗಳೇ ಇದಕ್ಕೆ ಕುಮ್ಮಕ್ಕು ಕೊಡುತ್ತವೆ. ಬೆಲ್ಜಿಯಂನ ಎಡ್ಡಿ ಮರ್ಕ್ಸ್ ಫ್ರಾನ್ಸಿನ ಮೂರು ವಾರಗಳ ರಸ್ತೆ ಸ್ಪರ್ಧೆಯಾದ ಟೂರ್ ಡಿ ಫ್ರಾನ್ಸ್ ಅನ್ನು ಐದು ಸಲ ಗೆದ್ದರು, ಒಲಿಂಪಿಕ್ ಪದಕ ಮಾತ್ರ ಬರಲಿಲ್ಲ. 2004ರ ಅಥೆನ್ಸ್‌ನಲ್ಲಿ ಮಗ ಆಕ್ಸೆಲ್ ಕಂಚು ತಂದ. ಫ್ರಾನ್ಸಿನ ರೇಮಂಡ್ ಪುಲಿಡೋರ್ ಅಷ್ಟು ವರ್ಷ ಓಡಿಸಿಯೂ, ಟೂರ್ ಡಿ ಫ್ರಾನ್ಸ್‌ನಲ್ಲಿ ಒಟ್ಟು ಸಮಯದಲ್ಲಿ ಮುಂದಿರುವವರು ತೊಡುವ ಹಳದಿ ಅಂಗಿಯನ್ನು ಒಂದು ದಿನವೂ ತೊಡಲಿಲ್ಲ. 2021ರಲ್ಲಿ ಮೊಮ್ಮಗ ಮ್ಯಾಥ್ಯೂ ವಾನ್ ಡರ್ ಪೋಲ್ ತೊಟ್ಟ. ಓದಲು ಬಹಳ ಸೊಗಸು. ನನಗೆ ಇಷ್ಟವಾಗುವುದು ಅಮೆರಿಕದ ಕಾನಿ ಕಾರ್ಪೆಂಟರ್ ಅವರದು. 1984ರಲ್ಲಿ ಮಹಿಳೆಯರ ರಸ್ತೆ ಸ್ಪರ್ಧೆ ಒಲಿಂಪಿಕ್ಸ್‌ಗೆ ಮೊದಲ ಸಲ ಬಂದಾಗಲೇ ಚಿನ್ನ ಗೆದ್ದವರು ಅವರು. ಮುಂದೆ ಮಗ ಟೇಲರ್ ಫಿನ್ನಿ ವೃತ್ತಿಪರ ಸವಾರನಾದ. ಅಲ್ಲಿ ತಾಯಿಯ ಬಾಕಿ ಏನೂ ಉಳಿದಿರಲಿಲ್ಲ. ನನ್ನದು ಉಳಿದಿದೆ: 29ನೇ ವಯಸ್ಸಿನಲ್ಲಿ ಒಂದು ಟೈಮ್ ಟ್ರಯಲ್‌ನಲ್ಲಿ (ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸುವ ಸ್ಪರ್ಧೆ) ನಾಲ್ಕು ಸೆಕೆಂಡಿನಿಂದ ತಪ್ಪಿದ ಪದಕ. ಅದರ ಬಗ್ಗೆ ಮನೆಯಲ್ಲಿ ಮಾತನಾಡುವುದನ್ನು ನಿಲ್ಲಿಸಿದ್ದೇನೆ. ನನ್ನ ಮಗ ಹೇಳುವ ಪ್ರಕಾರ ಇನ್ನೂ ಪೂರ್ತಿ ನಿಲ್ಲಿಸಿಲ್ಲ.

ಬೆಳೆಯುವ ದೇಹ

ಇಲ್ಲಿ ಮಾತ್ರ ತಂದೆತಾಯಿ ಹಿಂದೆ ಸರಿಯಬಾರದು. ಹೆಣ್ಣುಮಕ್ಕಳು ಸರಾಸರಿ 12ರ ಆಸುಪಾಸಿನಲ್ಲಿ, ಗಂಡುಮಕ್ಕಳು 14ರ ಆಸುಪಾಸಿನಲ್ಲಿ ಅತ್ಯಂತ ವೇಗವಾಗಿ ಎತ್ತರವಾಗುತ್ತಾರೆ. ನಾಲ್ಕು ತಿಂಗಳ ಹಿಂದೆ ಸರಿಯಾಗಿದ್ದ ಸ್ಯಾಡಲ್ ಈಗ ತಗ್ಗಾಗಿರುತ್ತದೆ. ಸ್ಯಾಡಲ್ ತಗ್ಗಾದರೆ ಮೊದಲು ದೂರು ಹೇಳುವುದು ಮೊಣಕಾಲಿನ ಮುಂಭಾಗ. ತಿಂಗಳ ಮೊದಲ ದಿನ ಎತ್ತರವನ್ನು ಅಳೆದು ಬಾಗಿಲ ಚೌಕಟ್ಟಿನ ಮೇಲೆ ಗೀಟು ಹಾಕಿ. ಪೆಡಲ್ ಕೆಳತುದಿಯಲ್ಲಿದ್ದಾಗ ಮೊಣಕಾಲು ಸುಮಾರು 25ರಿಂದ 35 ಡಿಗ್ರಿ ಬಾಗಿರಬೇಕು. ಅಳತೆಗೋಲಿಲ್ಲದಿದ್ದರೆ ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ನೋಡಿ, ಆಗ ಕಾಲು ಹೆಚ್ಚುಕಡಿಮೆ ನೇರವಾಗಬೇಕು, ಸೊಂಟ ವಾಲಬಾರದು. ಎತ್ತರಿಸುವಾಗ ಒಂದು ಸಲಕ್ಕೆ ಕೆಲವೇ ಮಿಲಿಮೀಟರ್. ಹಳೆಯ ಸೈಕಲನ್ನು ಮಗುವಿಗೆ ದಾಟಿಸುವವರು ಕ್ರ್ಯಾಂಕಿನ (ಪೆಡಲ್ ಸಿಕ್ಕಿಸಿರುವ ತೋಳು) ಉದ್ದವನ್ನೂ ಬ್ರೇಕ್ ಹಿಡಿಕೆಯ ದೂರವನ್ನೂ ಮರೆಯುತ್ತಾರೆ. ಹಿಡಿಕೆಯನ್ನು ಹತ್ತಿರ ತರುವ ಚಿಕ್ಕ ತಿರುಪು ಹೆಚ್ಚಿನ ಸೈಕಲ್‌ಗಳಲ್ಲಿ ಇರುತ್ತದೆ, ಹುಡುಕಿ.

ಸಂಘಟಿತ ಅಭ್ಯಾಸದ ಬಗ್ಗೆ ಕ್ರೀಡಾ ವೈದ್ಯರು ಹೇಳುವ ಒಂದು ಸರಳ ಮಿತಿ ಇದೆ: ವಾರದ ಗಂಟೆಗಳು ಮಗುವಿನ ವಯಸ್ಸನ್ನು ಮೀರಬಾರದು. ವಾರಕ್ಕೆ ಒಂದೆರಡು ದಿನ ಪೂರ್ತಿ ಬಿಡುವು ಬೇಕು. ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ರೆ ಬೇಕು. ಬೆಳಗಿನ ಜಾವದ ಅಭ್ಯಾಸಕ್ಕಾಗಿ ಅದನ್ನು ಕತ್ತರಿಸುವುದು ನನಗಂತೂ ನಷ್ಟದ ವ್ಯಾಪಾರವಾಗಿ ಕಂಡಿದೆ.

ಇನ್ನು ತೂಕ. ಮೇಲೆ ಕಿಲೋ ಮತ್ತು ವ್ಯಾಟಿನ ಲೆಕ್ಕವನ್ನು ನಾನೇ ಎಷ್ಟು ಸಲೀಸಾಗಿ ಬರೆದೆ ನೋಡಿ. ಅದೇ ಸಲೀಸಿನಲ್ಲಿ ಒಂದು ಸಂಜೆ ಊಟದ ಮೇಜಿನ ಮುಂದೆ ಆ ಲೆಕ್ಕವನ್ನು ಬಾಯಲ್ಲೂ ಹೇಳಿದೆ: ಎರಡು ಕಿಲೋ ಕಡಿಮೆಯಿದ್ದರೆ ಏರಿನಲ್ಲಿ ಮುಕ್ಕಾಲು ನಿಮಿಷ ಉಳಿಯುತ್ತದೆ ಎಂದು. ಹೇಳಿದ್ದು ನನ್ನ ಬಗ್ಗೆ. ಕೇಳಿಸಿಕೊಂಡದ್ದು ಅವಳು. ಮುಂದಿನ ಮೂರು ತಿಂಗಳು ಅವಳ ತಟ್ಟೆ ಚಿಕ್ಕದಾಗುತ್ತಾ ಹೋಯಿತು. ಮುಟ್ಟು ನಿಂತಿತು. ಅಭ್ಯಾಸದ ವೇಗ ಮೊದಲು ಸ್ವಲ್ಪ ಏರಿ ನಂತರ ಬಿದ್ದುಹೋಯಿತು. ದೇಹಕ್ಕೆ ಬೇಕಾದಷ್ಟು ಹಾಕದೆ ಕೆಲಸ ಮಾತ್ರ ತೆಗೆಯುತ್ತಾ ಹೋದರೆ ಅದು ಮೊದಲು ಕೈಬಿಡುವುದು ತನಗೆ ತುರ್ತಿಲ್ಲದ್ದನ್ನು: ಮುಟ್ಟು, ಮೂಳೆಯ ಬೆಳವಣಿಗೆ, ಸೋಂಕಿನೊಂದಿಗಿನ ಹೋರಾಟ. ಬದುಕಿನ ಮೂಳೆಯ ಗಟ್ಟಿತನದ ದೊಡ್ಡ ಪಾಲು ಕೂಡುವುದು ಈ ವಯಸ್ಸಿನಲ್ಲೇ, ಮೇಲಾಗಿ ಸೈಕಲ್ ಸವಾರಿ ಮೂಳೆಯ ಮೇಲೆ ಭಾರ ಹಾಕುವ ಆಟವೂ ಅಲ್ಲ. ಮೂರು ತಿಂಗಳು ಮುಟ್ಟು ಬರದಿದ್ದರೆ, ಅಥವಾ 15 ತುಂಬಿದರೂ ಮೊದಲ ಮುಟ್ಟು ಆಗದಿದ್ದರೆ ವೈದ್ಯರ ಬಳಿಗೆ ಹೋಗಿ. "ಆಟಗಾರರಿಗೆ ಇದು ಸಹಜ" ಎನ್ನುವವರ ಮಾತನ್ನು ಕೇಳಬೇಡಿ, ನನ್ನ ಕಾಲದಲ್ಲಿ ನಮಗೆಲ್ಲ ಹಾಗೇ ಹೇಳುತ್ತಿದ್ದರು. ಹುಡುಗರೂ ಇದರಿಂದ ಹೊರತಲ್ಲ, ಅವರಲ್ಲಿ ಎದ್ದು ಕಾಣುವ ಗುರುತು ಇಲ್ಲದಿರುವುದರಿಂದ ಇನ್ನಷ್ಟು ಎಚ್ಚರ ಬೇಕು.

ನಮ್ಮ ಮನೆಯ ತೂಕದ ಯಂತ್ರ ಈಗ ಅಟ್ಟದ ಮೇಲಿದೆ. ಒಂದು ಗಂಟೆ ಮೀರಿದ ಸವಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ಹೊಟ್ಟೆಗೆ ಹೋಗಬೇಕು. ಜೇಬು ಖಾಲಿಯಾಗಿ ವಾಪಸ್ಸು ಬಂದಿದೆಯೇ ಎಂದು ಮಾತ್ರ ನೋಡುತ್ತೇನೆ.

ರೇಸಿನ ದಿನ

ನಿಮ್ಮ ಕೆಲಸಗಳು ಚಿಕ್ಕವು, ಆದರೆ ಅವು ಸರಿಯಾಗಿರಬೇಕು. ಸಂಖ್ಯೆಯ ಹಾಳೆಯನ್ನು ಬೆನ್ನಿಗೆ ಚುಚ್ಚುವಾಗ ಮಗು ಸವಾರಿಯ ಭಂಗಿಯಲ್ಲಿ ಬಾಗಿರಲಿ, ಇಲ್ಲದಿದ್ದರೆ ಗಾಳಿಗೆ ಹಾಯಿಯಂತೆ ಉಬ್ಬುತ್ತದೆ. ಟೈರಿಗೆ ನಿಮ್ಮ ಲೆಕ್ಕದ ಗಾಳಿ ತುಂಬಬೇಡಿ. ಹಗುರ ಸವಾರರಿಗೆ ಕಡಿಮೆ ಒತ್ತಡ ಸಾಕು, ಹೆಚ್ಚಾದರೆ ಗಾಲಿ ರಸ್ತೆಯ ಮೇಲೆ ಕುಣಿಯುತ್ತದೆ. ಮಳೆಯಿದ್ದರೆ ಇನ್ನೂ ತುಸು ಇಳಿಸಿ.

ನಿಯಮ ಪುಸ್ತಕವನ್ನು ಹಿಂದಿನ ರಾತ್ರಿ ಓದಿ. ಇದನ್ನು ಹೇಳುವ ಹಕ್ಕು ನನಗೆ ದುಬಾರಿಗೆ ಸಿಕ್ಕಿದೆ. ಎಳೆಯರ ಕಾಲಿಗೆ ಭಾರಿ ಗೇರ್ ಬೇಡವೆಂದು ಒಂದು ಮಿತಿ ಇರುತ್ತಿತ್ತು: ಕ್ರ್ಯಾಂಕ್ ಒಂದು ಸುತ್ತು ತಿರುಗಿದರೆ ಸೈಕಲ್ ಇಷ್ಟೇ ದೂರ ಚಲಿಸಬೇಕು. ಜೂನಿಯರ್ ವಿಭಾಗಕ್ಕೆ (17-18 ವರ್ಷದವರು) ಅದು 7.93 ಮೀಟರ್, ಅಂದರೆ ಮುಂದೆ 52 ಹಲ್ಲು, ಹಿಂದೆ 14. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಅದನ್ನು 2023ರಿಂದ ಕೈಬಿಟ್ಟಿತು. ಆದರೆ ಇನ್ನೂ ಚಿಕ್ಕ ವಯಸ್ಸಿನವರಿಗೆ ಕೆಲವು ಕಡೆ ಮಿತಿ ಉಳಿದಿದೆ. ಮಗಳಿಗೆ 14 ಆಗಿದ್ದಾಗ, ಅವಳಿಗೆ ಅನುಕೂಲವಾಗಲೆಂದು ಹಿಂದಿನ ರಾತ್ರಿ ನನ್ನ ಹಗುರ ಗಾಲಿಗಳನ್ನು ಅವಳ ಸೈಕಲಿಗೆ ಹಾಕಿದೆ. ಅವುಗಳ ಹಿಂದಿನ ಚಿಕ್ಕ ಹಲ್ಲುಗಾಲಿ ದೊಡ್ಡವರ ಗೇರ್, ಒಂದು ಸುತ್ತಿಗೆ ಮಿತಿಗಿಂತ ಹೆಚ್ಚು ದೂರ ಒಯ್ಯುವಂಥದ್ದು. ಮಗಳು ಮೂರನೆಯವಳಾಗಿ ಬಂದಳು. ಅಧಿಕಾರಿ ಪೆಡಲನ್ನು ಕೆಳಗಿಟ್ಟು, ಸೈಕಲನ್ನು ಹಿಂದಕ್ಕೆ ಉರುಳಿಸಿ, ನೆಲದ ಮೇಲಿನ ಪಟ್ಟಿಯನ್ನು ನೋಡಿ ತಲೆಯಾಡಿಸಿದರು. ಸ್ಥಾನ ಹೋಯಿತು. ಅವಳು ಆ ಗೇರನ್ನು ಒಮ್ಮೆಯೂ ಬಳಸಿರಲಿಲ್ಲ.

ಓಟದ ನಡುವೆ ಕೂಗುವುದಾದರೆ ಹೆಸರು ಕೂಗಿ, ಸೂಚನೆ ಬೇಡ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹಾದುಹೋಗುವವರಿಗೆ ನಿಮ್ಮ ವಾಕ್ಯದ ಎರಡು ಅಕ್ಷರ ಮಾತ್ರ ಕೇಳಿಸುತ್ತದೆ. ಮುಗಿದ ಮೇಲೆ ಮೊದಲು ಕುಡಿಯುವುದಕ್ಕೆ ಕೊಡಿ, ಒಣ ಬಟ್ಟೆ ಕೊಡಿ. ಓಟದ ಮಾತನ್ನು ಅವರೇ ಎತ್ತಲಿ. ನನ್ನ ಮಗಳು ಸಾಮಾನ್ಯವಾಗಿ ಕಾರಿನಲ್ಲಿ ಮೂವತ್ತು ನಿಮಿಷ ಕಿಟಕಿಯಾಚೆ ನೋಡುತ್ತಾಳೆ. ನಂತರ ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳುತ್ತಾಳೆ. ಆ ಮೂವತ್ತು ನಿಮಿಷ ಸ್ಟಿಯರಿಂಗ್ ಹಿಡಿದು ತುಟಿ ಕಚ್ಚಿಕೊಂಡು ಕೂರುವುದು ನಾನು ಮಾಡಿದ ಅತ್ಯಂತ ಕಠಿಣ ಅಭ್ಯಾಸ.

ಒಂದು ವಿಷಯದಲ್ಲಿ ಮಾತ್ರ ನಿಮ್ಮ ಮಾತೇ ಕೊನೆ. ಬಿದ್ದು ತಲೆಗೆ ಪೆಟ್ಟಾದ ಅನುಮಾನವಿದ್ದರೆ ಆ ದಿನ ಮತ್ತೆ ಸೈಕಲ್ ಹತ್ತುವಂತಿಲ್ಲ. ಪ್ರಜ್ಞೆ ತಪ್ಪದಿದ್ದರೂ ಅಷ್ಟೇ. ಅಳಲಿ, ಬೇಡಿಕೊಳ್ಳಲಿ, ಇನ್ನೆರಡು ಸುತ್ತು ಮಾತ್ರ ಉಳಿದಿರಲಿ. ತಲೆನೋವು, ವಾಂತಿ, ಕೇಳಿದ್ದನ್ನೇ ಮತ್ತೆ ಕೇಳುವುದು ಕಂಡರೆ ನೇರ ಆಸ್ಪತ್ರೆಗೆ. ಆ ಹೆಲ್ಮೆಟ್ಟನ್ನು, ಹೊರಗೆ ಗೀರು ಕಾಣದಿದ್ದರೂ, ಎಸೆಯಿರಿ.

ಮನೆಯ ಉಳಿದವರು

ನಮ್ಮ ಮನೆಯಲ್ಲಿ ಸೈಕಲ್ ಹತ್ತದವರೂ ಇದ್ದಾರೆ. ಮಗನಿಗೆ 11 ವರ್ಷ, ಕಾರಿನ ಹಿಂದಿನ ಸೀಟಿನಲ್ಲಿ ಪುಸ್ತಕ ಓದುತ್ತಾ ಬೆಳೆದವನು. ಒಂದು ದಿನ "ನನ್ನ ಚೆಸ್ ಪಂದ್ಯಕ್ಕೆ ಎಷ್ಟು ಜನ ಬಂದಿದ್ದೀರಿ?" ಎಂದು ಕೇಳಿದ. ಉತ್ತರ ಸೊನ್ನೆ. ಅಂದಿನಿಂದ ತಿಂಗಳಲ್ಲಿ ಎರಡು ವಾರಾಂತ್ಯ ಸೈಕಲಿನ ಸುದ್ದಿ ಇಲ್ಲ, ರೇಸ್ ಇದ್ದರೂ ಮಗಳು ಕ್ಲಬ್ಬಿನವರ ಜೊತೆ ಹೋಗುತ್ತಾಳೆ. ಗಂಡನಿಗೆ ಗೇರಿನ ಹಲ್ಲು ಎಣಿಸಲೂ ಬರುವುದಿಲ್ಲ. ಓಟ ಕೆಟ್ಟ ದಿನ ಮಗಳು ಮೊದಲು ಹೋಗಿ ಕೂರುವುದು ಅವರ ಪಕ್ಕದಲ್ಲೇ. ಅವರಿಗೆ ಏನೂ ಕಲಿಸಬೇಡಿ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ.

ಮತ್ತೆ ಪೈಪೋಟಿ ಬೇಕೆನಿಸಿದರೆ

ಬೇಕೆನಿಸುತ್ತದೆ. ಆಗ ಅಂತರ ಕೊಟ್ಟು ಓಡಿಸಿ. ನಾವು ತಿಂಗಳಿಗೊಮ್ಮೆ ಅದೇ 6 ಕಿಲೋಮೀಟರ್ ಏರಿನಲ್ಲಿ ಮಾಡುತ್ತೇವೆ. ಹಿಂದಿನ ತಿಂಗಳು ಇಬ್ಬರೂ ತೆಗೆದುಕೊಂಡ ಸಮಯದ ವ್ಯತ್ಯಾಸ ಎಷ್ಟೋ ಅಷ್ಟು ಮೊದಲು ನಾನು ಹೊರಡುತ್ತೇನೆ, ಅವಳು ಕೆಳಗೆ ನಿಂತು ಕಾಯುತ್ತಾಳೆ. ಇದೊಂದು ಕಾಯುವಿಕೆಗೆ ಅನುಮತಿ ಇದೆ. ಲೆಕ್ಕ ಸರಿಯಾಗಿದ್ದರೆ ಅವಳು ನನ್ನನ್ನು ಹಿಡಿಯುವುದು ಕೊನೆಯ ನೂರು ಮೀಟರಿನಲ್ಲಿ. ಹಿಂದಿನಿಂದ ಬರುವ ಚೈನಿನ ಸದ್ದು ಕೇಳಿದಾಗ ನನ್ನ ಎದೆ ಬಡಿತ ನಿಮಿಷಕ್ಕೆ 176 ಮುಟ್ಟುತ್ತದೆ, ನನ್ನ ವಯಸ್ಸಿಗೆ ಅದಕ್ಕಿಂತ ಮೇಲೆ ಹೆಚ್ಚೇನೂ ಉಳಿದಿಲ್ಲ.

ಗಡಿಯಾರವನ್ನು ಮಗುವಿನ ಕೈಗೇ ಕೊಡಿ. ನನ್ನ ಕೈಯಲ್ಲಿದ್ದಾಗ ತಿಂಗಳು ತಿಂಗಳೂ ಹತ್ತು ಸೆಕೆಂಡು ಜಾಸ್ತಿ ಬರೆದುಕೊಳ್ಳುತ್ತಿದ್ದೆ. ನಾಲ್ಕನೇ ತಿಂಗಳು ಸಿಕ್ಕಿಬಿದ್ದೆ.